ಒರಗಲು ಬಾರದ ದಿಂಬು

ಪ್ರಶ್ನೆ: ನಾವು ಬಾರ್ಸಿಲೋನಾದಲ್ಲಿದ್ದೇವೆ, ಊರು ತುಮಕೂರು. ಕಳೆದ ಏಪ್ರಿಲ್‌ನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿರುವ ಸ್ಪೇನಿನ ಮೆನೋರ್ಕಾ ದ್ವೀಪಕ್ಕೆ ಹೋಗಿದ್ದೆವು. ಉತ್ತರ ತುದಿಯ ಕವಲ್ಲೆರಿಯಾ ದೀಪಸ್ತಂಭದ ಸುತ್ತ, ಬರೀ ಕಲ್ಲಿನ ನೆಲದಲ್ಲಿ, ಯಾರೋ ಕತ್ತರಿ ಹಿಡಿದು ದುಂಡಗೆ ಮಾಡಿಟ್ಟಂಥ ಪೊದೆಗಳಿದ್ದವು. ಮೆತ್ತನೆಯ ದಿಂಬೆಂದು ತಿಳಿದು ಮಗ ಕೂರಲು ಹೋಗಿ ಚೀರಿಕೊಂಡ, ಒಳಗೆಲ್ಲ ಮುಳ್ಳು! ಗಿಡ ಒಂದೇ ಥರ ಇದ್ದರೂ ಒಂದರಲ್ಲಿ ಹಳದಿ ಹೂ, ಪಕ್ಕದ್ದರಲ್ಲಿ ಬಿಳಿ ಹೂ ಇತ್ತು. ಒಂದೇ ಗಿಡದಲ್ಲಿ ಬಣ್ಣ ಹೀಗೆ ಬದಲಾಗುತ್ತದೆಯೇ? ಸುತ್ತ ಒಂದು ಆಡೂ ಕಾಣಲಿಲ್ಲ, ಮತ್ತೆ ಇಷ್ಟೊಂದು ಮುಳ್ಳು ಯಾರಿಗಾಗಿ? ಬೀಜ ತಂದರೆ ತುಮಕೂರಿನ ಮನೆಯ ಮುಂದೆ ಬೆಳೆಯುತ್ತದೆಯೇ? ಮೂರು ಫೋಟೊ ಕಳಿಸುತ್ತಿದ್ದೇನೆ. ಮೂರನೆಯದು ಮಾರನೆಯ ದಿನ ಸಿಯುತಾದೆಯಾ ಕಡೆಯ ಉತ್ತರ ಕರಾವಳಿಯಲ್ಲಿ ತೆಗೆದದ್ದು, ಅದರಲ್ಲಿ ಹೂವಿಲ್ಲ.

ಉತ್ತರ: ಮೊದಲು ಮಗನಿಗೆ ಸಮಾಧಾನ ಹೇಳಿ. ಆ ಗಿಡದ ಮೇಲೆ ಕೂತು ಮೋಸಹೋದವರಲ್ಲಿ ಅವನು ಮೊದಲಿಗನಲ್ಲ. ಅಲ್ಲಿನ ಜನ ಅದರ ಒಂದು ಜಾತಿಗೆ ‘ಸನ್ಯಾಸಿನಿಯ ದಿಂಬು’ ಎಂದೇ ಹೆಸರಿಟ್ಟಿದ್ದಾರೆ. ಅವರ ಕತಲಾನ್ ಮಾತಿನಲ್ಲಿ ಅದು ‘ಕುಶಿನೆಟ್ಸ್ ದೆ ಮೊಂಜಾ’. ಅದರದೇ ಇನ್ನೊಂದು ಹೆಸರು ‘ಇಲಿಯ ಕಣ್ಣು ಕಳೆಯುವುದು’. ಒಂದು ಹೆಸರಿಟ್ಟವರು ದೂರದಿಂದ ನೋಡಿರಬೇಕು, ಇನ್ನೊಂದನ್ನಿಟ್ಟವರು ಕೈ ಹಾಕಿರಬೇಕು.

ನಿಮ್ಮ ಪ್ರಶ್ನೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಹೂವಿನದು. ಒಂದೇ ಗಿಡ ಎರಡು ಬಣ್ಣದ ಹೂ ಬಿಟ್ಟಿಲ್ಲ. ನೀವು ನೋಡಿದ್ದು ಒಂದೇ ಗಿಡವಲ್ಲ. ಹತ್ತಿರದ ನೆಂಟರೂ ಅಲ್ಲ. ಹಳದಿ ಹೂವಿನದು ಸೂರ್ಯಕಾಂತಿಯ ಕುಟುಂಬದ್ದು, ಬಿಳಿ ಹೂವಿನದು ಅವರೆ, ತೊಗರಿಯ ಕುಟುಂಬದ್ದು. ಸೂರ್ಯಕಾಂತಿಗೂ ತೊಗರಿಗೂ ಇರುವಷ್ಟೇ ದೂರ ಈ ಎರಡು ಪೊದೆಗಳಿಗೂ ಇದೆ. ಆದರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಅಕ್ಕಪಕ್ಕ ಕೂತಿವೆ, ಒಂದೇ ಎತ್ತರ, ಒಂದೇ ದುಂಡು, ಒಂದೇ ಬೂದು ಹಸಿರು. ಹೂವಿಲ್ಲದ ತಿಂಗಳಲ್ಲಿ ಹೋಗಿದ್ದರೆ ನಿಮಗೆ ಈ ಅನುಮಾನವೇ ಬರುತ್ತಿರಲಿಲ್ಲ.

ಈ ಥರದ ಪೊದೆಗಳಿಗೆಲ್ಲ ಸೇರಿಸಿ ಮೆನೋರ್ಕಾದವರು ‘ಸೊಕರ್ರೆಲ್’ ಎನ್ನುತ್ತಾರೆ. ನಾವು ಕಳ್ಳಿ ಎಂದರೆ ಎಷ್ಟೋ ಬೇರೆ ಬೇರೆ ಗಿಡಗಳನ್ನು ಸೇರಿಸಿಬಿಡುತ್ತೇವಲ್ಲ, ಹಾಗೆ. ಕತಲಾನ್‌ನಲ್ಲಿ ‘ಸೊಕರ್ರಾರ್’ ಎಂದರೆ ಸೀಯಿಸು, ಕರಕಲು ಮಾಡು. ಬೇಸಿಗೆಯಲ್ಲಿ ಎಲೆ ಉದುರಿ ಬರೀ ಕಂದು ಕಡ್ಡಿ ಉಳಿದಾಗ ಇವನ್ನು ನೋಡಿದರೆ ಆ ಮಾತೇ ನೆನಪಾಗುತ್ತದೆ.

ನಿಮ್ಮ ಮೊದಲ ಫೋಟೊದ್ದು ಲಾನಿಯಾ ಸೆರ್ವಿಕಾರ್ನಿಸ್. ‘ಸೆರ್ವಿಕಾರ್ನಿಸ್’ ಎಂದರೆ ಜಿಂಕೆಯ ಕೊಂಬು. ಅದರ ಕಡ್ಡಿ ನೇರ ಬೆಳೆಯುವುದಿಲ್ಲ. ಒಂದು ಬೆರಳಗಲ ಬೆಳೆದು ಎರಡಾಗಿ ಒಡೆಯುತ್ತದೆ, ಎರಡೂ ಅಗಲಕ್ಕೆ ತಿರುಗಿ ಮತ್ತೆ ಒಡೆಯುತ್ತವೆ. ಹೀಗೆ ಒಡೆದೊಡೆದು ಕೊನೆಗೆ ಹೆಣೆದ ಬುಟ್ಟಿಯಂತಾಗುತ್ತದೆ. ತುದಿಗಳು ಒಣಗಿ ಮುಳ್ಳಾಗುತ್ತವೆ. ಕಡ್ಡಿ ಮುರಿದರೆ ಹಾಲು ಬರುತ್ತದೆ. ಇದು ಮೆನೋರ್ಕಾ, ಪಕ್ಕದ ಮಯೋರ್ಕಾ ಬಿಟ್ಟರೆ ಪ್ರಪಂಚದ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ.

ಎರಡನೆಯದು ಆಸ್ಟ್ರಾಗಲಸ್ ಬಲಿಯಾರಿಕಸ್, ಸನ್ಯಾಸಿನಿಯ ದಿಂಬು ಇದೇ. ಇದೂ ಆ ದ್ವೀಪಗಳ ಸ್ವಂತ ಆಸ್ತಿ. ಹುಣಸೆಯ ಹಾಗೆ ನಡುವಿನ ಒಂದು ದಂಟಿಗೆ ಜೋಡಿ ಜೋಡಿ ಕಿರುಎಲೆ, ಬೇಳೆಗಿಡದ ಹೂವಿನಾಕಾರದ ಬಿಳಿ ಹೂ. ಇವೆರಡು ಮಾತ್ರವಲ್ಲ. ಅದೇ ಭೂಶಿರಗಳಲ್ಲಿ ತುಳಸಿಯ ಕುಟುಂಬದ ತ್ಯೂಕ್ರಿಯಂ ಸಬ್‌ಸ್ಪೈನೋಸಂ ಎಂಬುದೊಂದು ಇದೆ, ಗುಲಾಬಿ ಹೂವಿನದು, ಘಾಟು ವಾಸನೆಯದು. ಇದರ ಹತ್ತಿರದ ನೆಂಟ ತ್ಯೂಕ್ರಿಯಂ ಮಾರಂ ಎಂದರೆ ಬೆಕ್ಕುಗಳಿಗೆ ಹುಚ್ಚು, ಕಂಡರೆ ಹೊರಳಾಡುತ್ತವೆ. ನಮ್ಮ ಕಡೆ ಕುಪ್ಪಿ ಗಿಡದ ಬೇರು ಕಿತ್ತಾಗ ಬೆಕ್ಕು ಮಾಡುವ ಹಾಗೆಯೇ. ತೊಗರಿಯ ಕುಟುಂಬದ್ದೇ ಇನ್ನೊಂದು ಆಂಥಿಲಿಸ್ ಹಿಸ್ಟ್ರಿಕ್ಸ್, ಮೆನೋರ್ಕಾದಲ್ಲಿ ಮಾತ್ರ ಇರುವುದು. ಗ್ರೀಕ್‌ನಲ್ಲಿ ಹಿಸ್ಟ್ರಿಕ್ಸ್ ಎಂದರೆ ಮುಳ್ಳುಹಂದಿ. ಐದನೆಯದೊಂದು ಇದೆ, ಅದರ ಮಾತನ್ನು ಕೊನೆಗೆ, ನಿಮ್ಮ ಮೂರನೆಯ ಫೋಟೊಗೆ ಬಂದಾಗ ಹೇಳುತ್ತೇನೆ.

ಮೂರು ಕುಟುಂಬ, ಐದು ಗಿಡ, ಒಂದೇ ಆಕಾರ. ಅಂದರೆ ಈ ಆಕಾರ ವಂಶದಿಂದ ಬಂದದ್ದಲ್ಲ, ಜಾಗದಿಂದ ಬಂದದ್ದು. ಇಲ್ಲಿಗೆ ನಿಮ್ಮ ‘ಕತ್ತರಿ ಹಿಡಿದವರು ಯಾರು’ ಎಂಬ ಪ್ರಶ್ನೆಗೆ ಬಂದೆವು.

ಕತ್ತರಿ ಹಿಡಿದದ್ದು ಗಾಳಿ. ಮೆನೋರ್ಕಾಗೆ ಉತ್ತರದಿಂದ ಬೀಸುವ ಗಾಳಿಗೆ ‘ತ್ರಮುಂತಾನಾ’ ಎಂದು ಹೆಸರು. ದ್ವೀಪದ ಉತ್ತರಾರ್ಧಕ್ಕೂ ಅದೇ ಹೆಸರು, ಅಷ್ಟರ ಮಟ್ಟಿಗೆ ಆ ನೆಲ ಆ ಗಾಳಿಯದು. ದ್ವೀಪ ಸಣ್ಣದು, ಸುಮಾರು 700 ಚದರ ಕಿಲೋಮೀಟರ್. ಅದರ ಅತಿ ಎತ್ತರದ ಬೆಟ್ಟವೇ 360 ಮೀಟರ್ ಮುಟ್ಟುವುದಿಲ್ಲ. ಅಡ್ಡ ನಿಲ್ಲುವವರು ಯಾರೂ ಇಲ್ಲ. ಆದರೆ ಗಾಳಿ ಬರೀ ನೂಕಿದರೆ ಗಿಡ ಬಾಗುತ್ತದೆ, ದುಂಡಗಾಗುವುದಿಲ್ಲ. ಕತ್ತರಿಸುವ ಕೆಲಸ ಗಾಳಿ ಹೊತ್ತು ತರುವ ಉಪ್ಪಿನದು. ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಎಲೆಯ ಮೇಲೆ, ಎಳೆ ತುದಿಯ ಮೇಲೆ ಕೂರುತ್ತವೆ. ಗಾಳಿಗೆ ಎಲೆಗಳು ಒಂದಕ್ಕೊಂದು ಉಜ್ಜಿ ಗೀರು ಬಿದ್ದಿರುತ್ತದೆ. ಆ ಗೀರಿನೊಳಗೆ ಉಪ್ಪು ಇಳಿದು ತುದಿಯ ಮೊಗ್ಗನ್ನು ಸುಟ್ಟುಬಿಡುತ್ತದೆ. ತುದಿ ಸತ್ತರೆ ಪಕ್ಕದ ಎರಡು ಮೊಗ್ಗು ಏಳುತ್ತವೆ. ಅವುಗಳಲ್ಲಿ ಯಾವುದು ಸಾಲಿನಿಂದ ತಲೆ ಎತ್ತುತ್ತದೋ ಅದು ಸಾಯುತ್ತದೆ, ಯಾವುದು ಅಕ್ಕಪಕ್ಕದವರ ಮರೆಯಲ್ಲಿರುತ್ತದೋ ಅದು ಉಳಿಯುತ್ತದೆ. ಇದು ಹತ್ತಾರು ವರ್ಷ ನಡೆದರೆ ಮೇಲ್ಮೈ ಬೋಳಿಸಿದ ಹಾಗೆ ಸಪಾಟಾಗುತ್ತದೆ. ತಾಳೆ ನೋಡಬೇಕಿದ್ದರೆ ನಿಮ್ಮ ಮೊದಲ ಫೋಟೊವನ್ನೇ ಮತ್ತೊಮ್ಮೆ ನೋಡಿ. ಪೊದೆ ಪೂರ್ತಿ ದುಂಡಗಿಲ್ಲ, ಸಮುದ್ರದ ಕಡೆ ನೆಲಕ್ಕೆ ಜಾರಿದೆ, ಹಿಂದಿನ ಕಡೆ ಸ್ವಲ್ಪ ಎದ್ದಿದೆ.

ದುಂಡಗಾದ ಮೇಲೆ ಗಿಡಕ್ಕೆ ಲಾಭಗಳು ಒಂದರ ಹಿಂದೆ ಒಂದು ಬರುತ್ತವೆ. ಹಸಿರು ಇರುವುದು ಹೊರಗಿನ ತೆಳು ಪದರದಲ್ಲಿ ಮಾತ್ರ. ಒಳಗೆ ಹೋದಂತೆ ಬರೀ ಒಣ ಕಡ್ಡಿ, ಉದುರಿದ ಎಲೆ, ಗಾಳಿ ತಂದು ಸುರಿದ ಧೂಳು. ಕಲ್ಲಿನ ಮೇಲೆ ಮಣ್ಣೇ ಇಲ್ಲದ ಕಡೆ ಗಿಡ ತನ್ನ ಹೊಟ್ಟೆಯೊಳಗೆ ತಾನೇ ಮಣ್ಣು ಕೂಡಿಹಾಕಿಕೊಳ್ಳುತ್ತದೆ. ಆ ಕತ್ತಲೆಯಲ್ಲಿ ತೇವ ಬೇಗ ಆರುವುದಿಲ್ಲ, ಮಧ್ಯಾಹ್ನದ ಕಾವು ಒಮ್ಮೆಗೇ ಒಳನುಗ್ಗುವುದಿಲ್ಲ. ಬೇರೆ ಪುಟ್ಟ ಗಿಡಗಳ ಬೀಜ ಅಲ್ಲಿ ಬಿದ್ದರೆ ಬಯಲಿನಲ್ಲಿ ಬಿದ್ದದ್ದಕ್ಕಿಂತ ಚೆನ್ನಾಗಿ ಮೊಳೆಯುತ್ತದೆ. ಎಷ್ಟೋ ಮೃದು ಗಿಡಗಳು ಈ ಮುಳ್ಳಿನ ಮನೆಯಲ್ಲಿ ಬಾಡಿಗೆಗಿದ್ದು ತಲೆ ಮಾತ್ರ ಹೊರಗೆ ಹಾಕಿ ಹೂ ಬಿಡುತ್ತವೆ.

ಹಾಗಾದರೆ ಯಾವ ಗಿಡ ನೆಟ್ಟರೂ ಅಲ್ಲಿ ದಿಂಬಾಗುತ್ತದೆಯೇ? ಅರ್ಧ ಮಟ್ಟಿಗೆ ಹೌದು. ಅದೇ ದಾರಿಯಲ್ಲಿ ಕಾಡು ಆಲಿವ್ ಮರಗಳು ಒಂದೇ ಕಡೆಗೆ ತಲೆಗೂದಲು ಬಾಚಿದ ಹಾಗೆ ಬಾಗಿರುವುದನ್ನು ನೋಡಿರುತ್ತೀರಿ. ಆ ಡೊಂಕು ಮರದಿಂದಲೇ ಮೆನೋರ್ಕಾದವರು ಹೊಲದ ಗೇಟು ಮಾಡುತ್ತಾರೆ, ಬಲು ಚಂದದ ಗೇಟುಗಳು. ಅದೇ ಕಾಡು ಆಲಿವ್ ಒಳನಾಡಿನ ತಗ್ಗಿನಲ್ಲಿ ನೆಟ್ಟಗೆ ಮರವಾಗುತ್ತದೆ. ಅದಕ್ಕೆ ಡೊಂಕು ಬಂದದ್ದು ಪೂರ್ತಿ ಗಾಳಿಯಿಂದ. ಸೊಕರ್ರೆಲ್‌ಗಳು ಹಾಗಲ್ಲ. ಅಂಕುಡೊಂಕಾಗಿ ಒಡೆಯುವ ಕಡ್ಡಿ, ಗಿಡ್ಡ ಗೆಣ್ಣು ಅವಕ್ಕೆ ಹುಟ್ಟಿನಿಂದಲೇ ಬಂದಿವೆ. ಎಲ್ಲಿ ನೆಟ್ಟರೂ ಅವು ಮರವಾಗುವುದಿಲ್ಲ. ಗಾಳಿ ಒಂದೊಂದು ಗಿಡವನ್ನೂ ತಿದ್ದುತ್ತದೆ ನಿಜ. ಜೊತೆಗೆ ಲಕ್ಷಾಂತರ ವರ್ಷ ತಿದ್ದಿ ತಿದ್ದಿ, ತಿದ್ದಿಸಿಕೊಳ್ಳಲು ತಯಾರಾಗಿಯೇ ಹುಟ್ಟುವ ಗಿಡಗಳನ್ನು ಆರಿಸಿಟ್ಟಿದೆ.

ಪಕ್ಕದ ಮಯೋರ್ಕಾದಲ್ಲಿ ಇದಕ್ಕೊಂದು ಒಳ್ಳೆಯ ಸಾಕ್ಷಿ ಸಿಗುತ್ತದೆ. ಸನ್ಯಾಸಿನಿಯ ದಿಂಬು ಅಲ್ಲಿ ಎರಡು ಕಡೆ ಇದೆ, ಸಮುದ್ರದ ಅಂಚಿನಲ್ಲಿ ಮತ್ತು ಸಾವಿರ ಮೀಟರ್ ಮೇಲಿನ ಬೋಳು ನೆತ್ತಿಗಳಲ್ಲಿ. ನಡುವಿನ ಇಳಿಜಾರಿನ ಓಕ್, ಪೈನ್ ಕಾಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಣ್ಣು ಒಳ್ಳೆಯದು, ನೀರು ಹೆಚ್ಚು, ಆದರೂ ಇಲ್ಲ. ಏಕೆಂದರೆ ಅಲ್ಲಿ ಮರಗಳ ನೆರಳು ಬೀಳುತ್ತದೆ, ಮೊಣಕಾಲೆತ್ತರದ ಗಿಡ ಬೆಳಕಿಲ್ಲದೆ ಸಾಯುತ್ತದೆ. ಗಾಳಿ ಈ ಗಿಡಕ್ಕೆ ಶತ್ರುವಿದ್ದಂತೆ ಕಂಡರೂ ಅದಕ್ಕಿಂತ ದೊಡ್ಡ ಶತ್ರು ಮರ, ಆ ಮರವನ್ನು ದೂರ ಇಟ್ಟಿರುವುದು ಗಾಳಿ.

ಈಗ ಮುಳ್ಳು. ನಮ್ಮ ಭಾಷೆಯಲ್ಲಿ ಚುಚ್ಚುವುದೆಲ್ಲ ಮುಳ್ಳೇ. ಗಿಡದ ಲೆಕ್ಕ ಬೇರೆ. ಗುಲಾಬಿಯ ಮುಳ್ಳು ಸಿಪ್ಪೆಯ ಮೇಲೆ ಎದ್ದದ್ದು, ಹೆಬ್ಬೆರಳಿನಿಂದ ಒತ್ತಿದರೆ ಬಳಕ್ಕನೆ ಬಿಟ್ಟುಬರುತ್ತದೆ. ಕವಳೆಯ ಮುಳ್ಳು, ಕಾರೆಯ ಮುಳ್ಳು ಬೆಳೆಯುವುದನ್ನು ಬಿಟ್ಟ ಕೊಂಬೆಗಳು, ಒಳಗೆ ಕಟ್ಟಿಗೆ ಇರುತ್ತದೆ, ಸುಮ್ಮನೆ ಕೀಳಲು ಬರುವುದಿಲ್ಲ. ಪಾಪಾಸುಕಳ್ಳಿಯದು ಎಲೆಯೇ ಮುಳ್ಳಾದದ್ದು. ಜಾಲಿಯ ಜೋಡಿ ಮುಳ್ಳು ಎಲೆಯ ಬುಡದ ಎರಡು ಕಿವಿಗಳು ಗಟ್ಟಿಯಾದದ್ದು. ನಿಮ್ಮ ದ್ವೀಪದ ಪೊದೆಗಳಲ್ಲೂ ಹೀಗೇ. ಲಾನಿಯಾದ ಮುಳ್ಳು ಕೊಂಬೆಯ ತುದಿ, ತ್ಯೂಕ್ರಿಯಂನದೂ ಅದೇ. ಆಸ್ಟ್ರಾಗಲಸ್‌ನದು ಮಾತ್ರ ಎಲೆಯ ನಡುದಂಟು. ಎಲೆ ಹಸಿರಿರುವಾಗಲೇ ಆ ದಂಟಿನ ತುದಿ ಚೂಪಾಗಿರುತ್ತದೆ. ಕಿರುಎಲೆಗಳು ಉದುರಿದ ಮೇಲೆ ದಂಟು ಉದುರದೆ ಒಣಗಿ ಬಿಳಿಚಿ ನಿಲ್ಲುತ್ತದೆ. ಹಳೆಯ ವರ್ಷಗಳ ದಂಟುಗಳೆಲ್ಲ ಒಳಗೆ ಈಟಿ ಸಾಲಿನಂತೆ ನಿಂತಿರುತ್ತವೆ, ನಿಮ್ಮ ಮಗನಿಗೆ ಚುಚ್ಚಿದ್ದು ಬಹುಶಃ ಅದೇ. ಹೂವಿಲ್ಲದಾಗ ಗುರುತು ಹಿಡಿಯಲೂ ಇದೇ ದಾರಿ. ಮುಳ್ಳು ಕವಲೊಡೆದಿದೆಯೇ, ನೆಟ್ಟಗಿದೆಯೇ, ಅದರ ಬದಿಯಲ್ಲಿ ಕಿರುಎಲೆ ಉದುರಿದ ಗುರುತಿನ ಸಣ್ಣ ಗಂಟುಗಳಿವೆಯೇ ಎಂದು ನೋಡಬೇಕು.

‘ಯಾರಿಗಾಗಿ’ ಎಂದು ಕೇಳಿದ್ದೀರಿ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತು ನಮ್ಮಲ್ಲಿದೆಯಲ್ಲ, ಆ ಆಡು ಸುತ್ತಮುತ್ತ ಕಾಣದಾಗ ಮುಳ್ಳು ವ್ಯರ್ಥವೆನಿಸುವುದು ಸಹಜ. ಇನ್ನೂ ಒಂದು ತೊಡಕಿದೆ. ದ್ವೀಪದ ಗಿಡಗಳು ಸಾಮಾನ್ಯವಾಗಿ ಮುಳ್ಳು ಬಿಡುತ್ತವೆ, ಅಂದರೆ ಕಳೆದುಕೊಳ್ಳುತ್ತವೆ. ಹವಾಯಿಯಂಥ ದ್ವೀಪಗಳಿಗೆ ಮೇಯುವ ದೊಡ್ಡ ಪ್ರಾಣಿ ತಾನಾಗಿ ಹೋಗಲೇ ಇಲ್ಲ. ಅಲ್ಲಿ ಮುಳ್ಳಿಗೆ ಖರ್ಚು ಮಾಡುವ ಗಿಡಕ್ಕಿಂತ ಮಾಡದ ಗಿಡವೇ ಗೆಲ್ಲುತ್ತದೆ. ಹಾಗಿರುವಾಗ ಮೆನೋರ್ಕಾದಲ್ಲಿ ಏಕೆ ಉಲ್ಟಾ?

ಉತ್ತರ ಬಂದದ್ದು ಗಿಡಶಾಸ್ತ್ರದವರಿಂದಲ್ಲ. 1909ರಲ್ಲಿ ಡೊರೊಥಿಯಾ ಬೇಟ್ ಎಂಬ ಬ್ರಿಟಿಷ್ ವಿಜ್ಞಾನಿ ಮಯೋರ್ಕಾದ ಗುಹೆಗಳಲ್ಲಿ ಒಂದು ವಿಚಿತ್ರ ಪ್ರಾಣಿಯ ಎಲುಬು ಹುಡುಕಿದರು. ನೋಡಲು ಆಡು, ಆದರೆ ಕೆಳದವಡೆಯ ಮುಂಭಾಗದಲ್ಲಿ ಇಲಿಗಿರುವಂಥ, ಸವೆದಷ್ಟೂ ಬೆಳೆಯುತ್ತಲೇ ಇರುವ ಉದ್ದ ಹಲ್ಲು. ಬೇಟ್ ಅದಕ್ಕಿಟ್ಟ ಹೆಸರು ಮಯೋಟ್ರಾಗಸ್, ಅಂದರೆ ಇಲಿ-ಆಡು. ಭುಜದ ಎತ್ತರ ಸುಮಾರು ಅರ್ಧ ಮೀಟರ್. ಕಾಲು ಗಿಡ್ಡ, ಓಡಲು ಮಾಡಿದ್ದಲ್ಲ. ಮೇಯುವ ಪ್ರಾಣಿಗಳ ಕಣ್ಣು ಅಕ್ಕಪಕ್ಕ ಇರುತ್ತದೆ, ಬೇಟೆಗಾರ ಎಲ್ಲಿಂದ ಬಂದರೂ ಕಾಣಲೆಂದು. ಇದರ ಕಣ್ಣು ಮುಂದಕ್ಕೆ ತಿರುಗಿತ್ತು. ಅದನ್ನು ತಿನ್ನುವವರು ಯಾರೂ ಇರಲಿಲ್ಲ, ನೋಡಬೇಕಾದದ್ದು ಮುಂದಿರುವ ಸೊಪ್ಪು ಮಾತ್ರ! ಎಲುಬಿನೊಳಗೆ ವರ್ಷ ವರ್ಷದ ಬೆಳವಣಿಗೆಯ ಉಂಗುರಗಳು ಕಾಣುತ್ತವೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೇವು ಕಡಿಮೆಯಾದಾಗ ಹಲ್ಲಿ, ಮೊಸಳೆಗಳ ಹಾಗೆ ಬೆಳೆಯುವುದನ್ನೇ ನಿಲ್ಲಿಸುತ್ತಿತ್ತಂತೆ.

ಇದು ಆ ದ್ವೀಪಗಳಿಗೆ ಹೋದದ್ದು ಹೇಗೆಂಬುದೂ ಒಂದು ಕಥೆ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರದ ಬಾಯಿ ಮುಚ್ಚಿಹೋಗಿ ಬಹುಪಾಲು ನೀರು ಆವಿಯಾಯಿತು. ಆಗ ನಡೆದುಕೊಂಡೇ ಬಂದ ಪ್ರಾಣಿಗಳು, 53 ಲಕ್ಷ ವರ್ಷಗಳ ಹಿಂದೆ ಜಿಬ್ರಾಲ್ಟರ್ ಬಾಗಿಲು ಮತ್ತೆ ತೆರೆದು ನೀರು ನುಗ್ಗಿದಾಗ ದ್ವೀಪದಲ್ಲಿ ಸಿಕ್ಕಿಕೊಂಡವು. ಮೆನೋರ್ಕಾದಲ್ಲಿ ಅಂದು ಮೇಯುತ್ತಿದ್ದದ್ದು ಸುಮಾರು 12 ಕಿಲೋ ತೂಕದ ದೈತ್ಯ ಮೊಲ. ಅದು ನೆಗೆಯಲಾರದಷ್ಟು ದಪ್ಪವಿತ್ತು, ಹೆಸರು ನುರಲಾಗಸ್ ರೆಕ್ಸ್. ಮುಂದೆ ಹಿಮಯುಗಗಳಲ್ಲಿ ಸಮುದ್ರಮಟ್ಟ ಇಳಿದು ಎರಡು ದ್ವೀಪ ಒಂದಾದಾಗ ಇಲಿ-ಆಡು ಮೆನೋರ್ಕಾಗೂ ಬಂತು. ಐವತ್ತು ಲಕ್ಷ ವರ್ಷ ಆ ದ್ವೀಪಗಳ ಸೊಪ್ಪು ಮೇದ ಈ ಪ್ರಾಣಿ ಕೊನೆಯಾದದ್ದು ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ, ಮನುಷ್ಯರು ದೋಣಿ ಕಟ್ಟಿಕೊಂಡು ಬಂದ ಹೊತ್ತಿಗೆ. ಅದರ ನೆಂಟರು ಯಾರೆಂದು ಹಳೆಯ ಎಲುಬಿನ ಡಿಎನ್ಎ ಓದಿದಾಗ 2019ರಲ್ಲಿ ಸಿಕ್ಕ ಉತ್ತರ ನನ್ನನ್ನಂತೂ ಬೆರಗುಗೊಳಿಸಿತು. ಇವತ್ತು ಬದುಕಿರುವವುಗಳಲ್ಲಿ ಅದಕ್ಕೆ ಅತಿ ಹತ್ತಿರದ್ದು ತಾಕಿನ್, ನಮ್ಮ ಅರುಣಾಚಲದ ಬೆಟ್ಟಗಳಲ್ಲೂ ಭೂತಾನಿನಲ್ಲೂ ಇರುವ ದಪ್ಪ ಮೂಗಿನ ಪ್ರಾಣಿ.

ಹಾಗಾಗಿ ಮುಳ್ಳು ಇಲಿ-ಆಡಿಗಾಗಿ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಬಹಳ ಜನ ಹೇಳುತ್ತಾರೆ ಕೂಡ. ತಿನ್ನುವವನು ಹೋದ, ಬೇಲಿ ಉಳಿಯಿತು ಎಂಬ ಕಥೆ ಕೇಳಲು ಚಂದ. ನಾನು ಅಷ್ಟು ದೂರ ಹೋಗುವುದಿಲ್ಲ. ಗುಹೆಗಳಲ್ಲಿ ಸಿಕ್ಕ ಅದರ ಹಿಕ್ಕೆ ಪರೀಕ್ಷಿಸಿದಾಗ ಹೆಚ್ಚು ಕಂಡದ್ದು ಆ ದ್ವೀಪಗಳ ಬಾಕ್ಸ್ ಎಂಬ ಗಿಡದ ಅಂಶ. ಬಾಕ್ಸ್‌ಗೆ ಮುಳ್ಳಿಲ್ಲ, ವಿಷವಿದೆ. ವಿಷದ ಗಿಡವನ್ನೇ ತಿಂದು ಅರಗಿಸಿಕೊಳ್ಳುತ್ತಿದ್ದ ಪ್ರಾಣಿ ಮುಳ್ಳಿಗೆ ಎಷ್ಟು ಹೆದರಿತೋ! ಎರಡನೆಯದಾಗಿ, ಈ ಗಿಡಗಳ ಪೂರ್ವಿಕರೂ ಮುಳ್ಳಿನವರೇ ಇರಬೇಕು. ಆಸ್ಟ್ರಾಗಲಸ್ ಕುಲದಲ್ಲಿ ಮೂರು ಸಾವಿರದ ಹತ್ತಿರ ಪ್ರಭೇದಗಳಿವೆ, ಹೂ ಬಿಡುವ ಗಿಡಗಳಲ್ಲೇ ಅತಿ ದೊಡ್ಡ ಕುಲ ಅದು. ಟರ್ಕಿ, ಇರಾನ್ ಬೆಟ್ಟಗಳಲ್ಲಿ ಇದೇ ಥರ ದಂಟು ಮುಳ್ಳಾದ ದಿಂಬುಗಳು ಎಣಿಸಲಾರದಷ್ಟಿವೆ. ಅವುಗಳ ಕಾಂಡ ಗೀರಿದರೆ ಬರುವ ಅಂಟೇ ಔಷಧಿ, ಮಿಠಾಯಿಗಳಿಗೆ ಹಾಕುವ ಟ್ರಾಗಕಾಂತ್. ಆ ಗ್ರೀಕ್ ಹೆಸರನ್ನು ಬಿಡಿಸಿದರೆ ‘ಆಡಿನ ಮುಳ್ಳು’. ಲಾನಿಯಾ ಕುಲದ ಮುಳ್ಳಿನ ಪೊದೆಗಳು ಉತ್ತರ ಆಫ್ರಿಕಾದಲ್ಲಿ, ಕೆನರಿ ದ್ವೀಪಗಳಲ್ಲಿ ಇವೆ. ಮುಳ್ಳು ಹೊತ್ತುಕೊಂಡೇ ದ್ವೀಪಕ್ಕೆ ಬಂದಿರಬೇಕು. ಬೇರೆ ದ್ವೀಪದಲ್ಲಾಗಿದ್ದರೆ ಕಾಲಕ್ರಮದಲ್ಲಿ ಕಳೆದುಕೊಳ್ಳುತ್ತಿದ್ದವೇನೋ. ಇಲ್ಲಿ ಹಲ್ಲು ಕಾಯುತ್ತಿತ್ತು, ಕಳೆದುಕೊಳ್ಳಲು ಪುರಸೊತ್ತು ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ದುಂಡು ಗಾಳಿಯದು, ಮುಳ್ಳು ವಂಶದ್ದು, ಆ ಮುಳ್ಳು ಉಳಿದದ್ದು ಇಲಿ-ಆಡಿನಿಂದ. ಗಟ್ಟಿಯಾದ ಹಳೆಯ ದಂಟುಗಳು ಗಾಳಿಯ ರಭಸ ಮುರಿದು ಎಳೆ ಚಿಗುರಿಗೆ ಮರೆಯಾಗುವುದೂ ಉಂಟು, ಆ ಕೂಲಿಯೂ ಮುಳ್ಳಿಗೆ ಸೇರಬೇಕು.

ತುಮಕೂರಿನವರಾದ ನಿಮಗೆ ಇದರ ತದ್ವಿರುದ್ಧ ಉದಾಹರಣೆ ಮನೆಯ ಹತ್ತಿರವೇ ಇದೆ. ಊರಾಚೆಯ ಕುರುಚಲಿನಲ್ಲಿ, ದಿನಾ ಕುರಿ-ಆಡು ಹಾಯುವ ದಾರಿಯಲ್ಲಿ, ಕಾರೆ ಪೊದೆ, ಕವಳೆ ಪೊದೆಗಳನ್ನು ನೋಡಿ. ಅವೂ ಮೊಣಕಾಲೆತ್ತರದ ಗುಂಡು ದಿಂಬುಗಳಾಗಿರುತ್ತವೆ. ಅಲ್ಲಿ ಉಪ್ಪು ಗಾಳಿ ಇಲ್ಲ, ಕತ್ತರಿ ನಿಜವಾಗಿ ಹಲ್ಲೇ. ಅದೇ ಗಿಡ ಬೇಲಿಯೊಳಗೆ ಸಿಕ್ಕಿಕೊಂಡರೆ ಆಳೆತ್ತರ ಮೀರುತ್ತದೆ. ಬೇರೆ ಬೇರೆ ಕತ್ತರಿಗಳು ಒಂದೇ ಆಕಾರ ಕತ್ತರಿಸಬಲ್ಲವು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ತೋರಿಸಲಾರೆ.

ಕ್ರೀಟ್ ಮತ್ತು ಗ್ರೀಸಿನ ಇತರ ದ್ವೀಪಗಳಿಗೆ ಹೋದರೆ ಇಂಥ ನೆಲಕ್ಕೆ ‘ಫ್ರಿಗಾನ’ ಎನ್ನುವುದನ್ನು ಕೇಳುತ್ತೀರಿ. ಆ ಮಾತೂ ಹುರಿ, ಒಣಗಿಸು ಎಂಬ ಗ್ರೀಕ್ ಧಾತುವಿನಿಂದ ಬಂದದ್ದು. ಎರಡು ತುದಿಯ ಎರಡು ಜನ, ಇಬ್ಬರಿಗೂ ಹೊಳೆದದ್ದು ಬೆಂಕಿಯೇ. ಅಲ್ಲಿಯ ಮುಖ್ಯ ದಿಂಬು ಸಾರ್ಕೊಪೊಟೇರಿಯಂ ಗುಲಾಬಿಯ ಕುಟುಂಬದ್ದು. ಅದರ ಒಣ ಪೊದೆಗಳನ್ನು ಕಿತ್ತು ಸುಣ್ಣದ ಗೂಡಿಗೆ, ರೊಟ್ಟಿಯ ಒಲೆಗೆ ಹಾಕುತ್ತಿದ್ದರು, ಪೊರಕೆಯನ್ನೂ ಮಾಡುತ್ತಿದ್ದರು. ಇನ್ನೊಂದು ಯುಫೋರ್ಬಿಯಾ ಅಕಾಂತೊತಾಮ್ನಸ್, ನಮ್ಮ ಎಲೆಗಳ್ಳಿ, ಮುಂಡುಗಳ್ಳಿಗಳ ಕುಲದ್ದೇ, ಮುರಿದರೆ ಹಾಲು ಬರುವಂಥದ್ದು. ಕ್ರೀಟಿನ ಎತ್ತರದ ಬೆಟ್ಟಗಳಲ್ಲಿರುವ ಅಕಾಂತೊಲಿಮೊನ್ ಎಂಬ ಮುಳ್ಳು ದಿಂಬಿನ ಕುಲ ಲಡಾಖಿನವರೆಗೂ ಹಬ್ಬಿದೆ. ಬೈಕಿನಲ್ಲಿ ಲೇಹ್‌ಗೆ ಹೋದ ನಮ್ಮ ಹುಡುಗರು ಅದರ ಗುಲಾಬಿ ಹೂವಿನ ಗುಂಡು ಪೊದೆಯ ಫೋಟೊ ಹಾಕುತ್ತಲೇ ಇರುತ್ತಾರೆ. ಅದರ ಮೇಲೆ ಕೂತ ಫೋಟೊ ಮಾತ್ರ ಇದುವರೆಗೆ ನೋಡಿಲ್ಲ.

ಇನ್ನು ನಿಮ್ಮ ಹಳದಿ ಹೂವಿನ ಲಾನಿಯಾಗೆ ಕರ್ನಾಟಕದಲ್ಲೇ ಖಾಸಾ ದಾಯಾದಿ ಒಬ್ಬಳಿದ್ದಾಳೆ. ಮಲ್ಪೆ, ಕಾರವಾರದಂಥ ಕಡೆ ಮರಳಿನ ಮೇಲೆ ಬಳ್ಳಿ ಹರಿದು, ಗೆಣ್ಣುಗೆಣ್ಣಿಗೆ ಬೇರು ಬಿಟ್ಟು, ಹಳದಿ ಹೂ ಬಿಡುವ ಲಾನಿಯಾ ಸಾರ್ಮೆಂಟೋಸಾ. ಅದೇ ಕುಲ, ಅದೇ ಹಾಲು, ಹೂವನ್ನು ಪಕ್ಕಪಕ್ಕ ಇಟ್ಟರೆ ಅಕ್ಕತಂಗಿ ಎನ್ನುತ್ತೀರಿ. ಆದರೆ ಒಂದೂ ಮುಳ್ಳಿಲ್ಲ. ಇವಳಿಗೂ ಉಪ್ಪು ಗಾಳಿ ಇದೆ, ಇವಳಿಗೂ ಬಿಸಿಲಿದೆ. ಮೆನೋರ್ಕಾದವಳು ಕಲ್ಲಿನ ಮೇಲೆ ಕೂತಳು, ಜರುಗಲು ಜಾಗವಿಲ್ಲ. ನಮ್ಮವಳ ಕೆಳಗೆ ಓಡುವ ಮರಳು, ಕೂತರೆ ಹೂತುಹೋಗುತ್ತಾಳೆ, ಹಾಗಾಗಿ ತಾನೂ ಓಡುತ್ತಾಳೆ. ಇಲ್ಲಿ ಆಕಾರ ಪೂರ್ತಿ ಬೇರೆ, ವಂಶ ಒಂದೇ. ನಿಮ್ಮ ದ್ವೀಪದಲ್ಲಿ ಆಕಾರ ಒಂದೇ, ವಂಶ ಬೇರೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಿಕೆಯೂ ಇದೇ ಕುಟುಂಬದ್ದು, ಅದರ ಹೂ ನೆನಪಿದ್ದರೆ ಹೋಲಿಸಿಕೊಳ್ಳಿ.

ಬೀಜದ ವಿಷಯಕ್ಕೆ ನನ್ನ ಉತ್ತರ ಬೇಡ ಎಂಬುದು. ಮೊದಲನೆಯದಾಗಿ, 1993ರಿಂದ ಮೆನೋರ್ಕಾ ಇಡೀ ದ್ವೀಪವೇ ಯುನೆಸ್ಕೊ ಜೀವಗೋಳ ಮೀಸಲು. ಈ ಪೊದೆಗಳ ನೆಲೆಗೆ ಐರೋಪ್ಯ ಒಕ್ಕೂಟದ ರಕ್ಷಣೆಯ ಪಟ್ಟಿಯಲ್ಲಿ ತನ್ನದೇ ಕ್ರಮಸಂಖ್ಯೆ ಇದೆ, 5430. ಕಾಲ್ತುಳಿತ, ಬಂಡೆಯ ಮೇಲೆ ನಿಲ್ಲಿಸುವ ಕಾರುಗಳು, ತೋಟದಿಂದ ತಪ್ಪಿಸಿಕೊಂಡು ದಿಂಬುಗಳ ಮೇಲೇ ಹಾಸಿಕೊಳ್ಳುವ ದಕ್ಷಿಣ ಆಫ್ರಿಕಾದ ದಪ್ಪ ಎಲೆಯ ಕಾರ್ಪೊಬ್ರೋಟಸ್, ಇವೆಲ್ಲದರಿಂದ ಆಗಲೇ ಸಾಕಷ್ಟು ಏಟು ತಿಂದಿವೆ. ಆ ಕಾರ್ಪೊಬ್ರೋಟಸನ್ನು ಈ ಶತಮಾನದ ಆರಂಭದಲ್ಲಿ ಕೈಯಿಂದ ಕಿತ್ತು ಕಿತ್ತು ನೂರಾರು ಟನ್ ಹೊತ್ತು ಹಾಕಿದರು. ಹೊರಗಿನ ಗಿಡ ತಂದದ್ದರ ಫಲ ಉಂಡವರ ಊರಿನಿಂದ ನಾವು ಗಿಡ ತರುವುದು ಅಷ್ಟು ಸರಿಯಲ್ಲ. ಎರಡನೆಯದಾಗಿ, ಬೀಜ ಜೇಬಿನಲ್ಲಿಟ್ಟುಕೊಂಡು ಭಾರತಕ್ಕೆ ಬರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು.

ಕಾನೂನು ಬದಿಗಿಟ್ಟು ಗಿಡದ ದೃಷ್ಟಿಯಿಂದ ನೋಡಿದರೂ ಒಗ್ಗುವುದಿಲ್ಲ. ವರ್ಷದ ಒಟ್ಟು ಮಳೆ ಲೆಕ್ಕ ಹಾಕಿದರೆ ಮೆನೋರ್ಕಾಗೂ ತುಮಕೂರಿನ ಬಯಲುಸೀಮೆಗೂ ಅಂಥ ಅಜಗಜಾಂತರವೇನಿಲ್ಲ. ವ್ಯತ್ಯಾಸ ಇರುವುದು ತಿಂಗಳುಗಳಲ್ಲಿ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಆಕಾಶ ಬೋಳು. ಗಿಡ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ಅಕ್ಟೋಬರ್, ನವೆಂಬರ್ ಮಳೆಗೆ ಏಳುತ್ತದೆ, ಚಳಿಯಲ್ಲಿ ಬೆಳೆದು ವಸಂತದಲ್ಲಿ ಹೂ ಬಿಡುತ್ತದೆ. ನಮ್ಮಲ್ಲಿ ಅದು ಮಲಗಬೇಕಾದ ಹೊತ್ತಿಗೆ ಸರಿಯಾಗಿ ಮುಂಗಾರು. ಬೆಚ್ಚಗಿನ ನೆಲದಲ್ಲಿ ಒದ್ದೆ ಬೇರು ಇದ್ದರೆ ಶಿಲೀಂಧ್ರ ಹಿಡಿದು ಕೊಳೆಯುತ್ತದೆ. ಮೇಲಿನಿಂದ ನೀರು ಹೊಟ್ಟೆಯೊಳಗೆ ಇಳಿದರೆ ದಿಂಬು ನಡುವಿನಿಂದ ಕಪ್ಪಾಗಿ ಸಾಯುತ್ತದೆ. ಮಣ್ಣಿನ ಬದಲು ಜಲ್ಲಿ ತುಂಬಿ, ಮಳೆಗೆ ಮಾಡು ಕಟ್ಟಿ, ಚಳಿಗಾಲದಲ್ಲಿ ಮಾತ್ರ ನೀರು ಕೊಟ್ಟು ಸಾಕುವ ಹಟವಾದಿಗಳು ಯುರೋಪಿನಲ್ಲಿದ್ದಾರೆ. ಅವರಿಗೂ ಸಿಗುವುದು ಒಂದು ಸಡಿಲ, ಸಪ್ಪೆ ಪೊದೆ, ಏಕೆಂದರೆ ಗಾಳಿಯನ್ನು ಕುಂಡದಲ್ಲಿ ತರಲು ಬರುವುದಿಲ್ಲ. ಮನೆ ಮುಂದೆ ಗುಂಡು ಮುಳ್ಳು ಪೊದೆಯೇ ಬೇಕಿದ್ದರೆ ಕವಳೆ ನೆಡಿ. ವರ್ಷಕ್ಕೆ ಮೂರು ಸಲ ಕತ್ತರಿ ಆಡಿಸಿ. ಆಕಾರ ಅದೇ ಬರುತ್ತದೆ, ಹಣ್ಣು ಹೆಚ್ಚುವರಿ.

ಕೊನೆಗೆ ಮೂರನೆಯ ಫೋಟೊ. ಬೆಳಕು ಸಾಲದು, ದೂರದಿಂದ ತೆಗೆದಿದ್ದೀರಿ. ಐದನೆಯದೊಂದಿದೆ ಎಂದೆನಲ್ಲ, ಅದು ಫೆಮೆನಿಯಾಸಿಯಾ ಬಲಿಯಾರಿಕಾ. ಪ್ರಪಂಚದಲ್ಲಿ ಆ ಕುಲಕ್ಕೆ ಇರುವುದು ಅದೊಂದೇ ಪ್ರಭೇದ, ಆ ಪ್ರಭೇದ ಇರುವುದು ಮೆನೋರ್ಕಾದ ಉತ್ತರ ಕರಾವಳಿಯಲ್ಲಿ ಮಾತ್ರ. ಅದನ್ನು ಮೊದಲು ಗುರುತಿಸಿ ಬರೆದವರು ಅದೇ ದ್ವೀಪದವರಾದ ಗಿಡಶಾಸ್ತ್ರಜ್ಞ ರೊದ್ರೀಗೆಸ್ ಫೆಮೆನಿಯಾಸ್, ಕುಲದ ಹೆಸರು ಅವರ ನೆನಪಿಗಾಗಿ ಬಂದದ್ದು. ಸೂರ್ಯಕಾಂತಿ ಕುಟುಂಬದ್ದೇ ಆದರೂ ಲಾನಿಯಾಗೆ ಹತ್ತಿರದ್ದಲ್ಲ. ಗುರುತು ಸುಲಭ, ಮುಳ್ಳು ಒಂಟಿಯಲ್ಲ, ಎಲೆಯ ಕಂಕುಳಲ್ಲಿ ತ್ರಿಶೂಲದ ಹಾಗೆ ಮೂರು ಕವಲು. ಮೂಲ ಫೋಟೊ ನಿಮ್ಮ ಫೋನಿನಲ್ಲಿದ್ದರೆ ದೊಡ್ಡದು ಮಾಡಿ ಎಡಗಡೆಯ ಕೆಳಗಿನ ಪೊದೆಯನ್ನು ನೋಡಿ. ಮೂರು ಕವಲು ಕಂಡರೆ ನನಗೆ ಆ ತುಣುಕನ್ನು ಕಳಿಸಿ, ತೆಗೆದ ಜಾಗವನ್ನು ಮಾತ್ರ ಎಲ್ಲೂ ಹಾಕಬೇಡಿ.